ಮೊದಲ ನೀರು

ಪ್ರಯೋಗಾಲಯದಲ್ಲಿ ನಾನು ದುಡಿದ ಮೊದಲ ಹದಿನಾಲ್ಕು ತಿಂಗಳು ಫಲ ಕೊಡದೆ ಹೋದದ್ದು, ಒಂದು ಚೀಟಿಯ ಮೇಲೆ ನಾನು ಬರೆಯದೇ ಬಿಟ್ಟ ಮೂರು ಪದಗಳಿಂದ. ಒಣಗಿಸಿ ಹಾಳೆಗೆ ಹೊಲಿದ ಸಸ್ಯವೊಂದರ ಬಲಗಡೆಯ ಕೆಳಮೂಲೆಯಲ್ಲಿ ಆ ಚೀಟಿ ಇತ್ತು. ಸಂಗ್ರಹದ ಸಂಖ್ಯೆ 217, ದಿನಾಂಕ, ಸ್ಥಳ, ಸಮುದ್ರಮಟ್ಟದಿಂದ ಎತ್ತರ, ಮರದ ನಿಲುವು, ಹೂವಿನ ಬಣ್ಣ, ತೊಗಟೆಯ ಒಳಮೈ ಗಾಳಿಗೆ ಕೆಂಪಾಗುವ ಬಗೆ, ಎಲ್ಲವನ್ನೂ ಅಲ್ಲಿ ನನ್ನ ಕೈಬರಹದಲ್ಲಿ ಒಪ್ಪವಾಗಿ ಬರೆದಿದ್ದೆ. ಬಳಕೆಯ ಸಾಲಿನಲ್ಲಿ ‘ಕೀವು ತುಂಬಿದ ಹುಣ್ಣಿಗೆ ತೊಗಟೆಯನ್ನು ಜಜ್ಜಿ, ನೀರಿನಲ್ಲಿ ನೆನೆಹಾಕಿ ಹಚ್ಚುತ್ತಾರೆ’ ಎಂದಿತ್ತು. ಆ ಸಾಲಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದನ್ನು ನಂಬಿ ಮಾಡಿದ ಕೆಲಸವೆಲ್ಲ ದಾರಿ ತಪ್ಪಿತು.

ನಾನು ಓದಿದ್ದು ಸಸ್ಯಶಾಸ್ತ್ರ. ಜನರಿಗೂ ಗಿಡಗಳಿಗೂ ಇರುವ ನಂಟನ್ನು ಅಭ್ಯಸಿಸುವ ಶಾಖೆಗೆ 1895ರಲ್ಲಿ ಅಮೆರಿಕದ ಜಾನ್ ಹಾರ್ಶ್‌ಬರ್ಗರ್ ಅವರು ‘ಎಥ್ನೋಬಾಟನಿ’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಅದನ್ನು ಜನಾಂಗೀಯ ಸಸ್ಯಶಾಸ್ತ್ರ ಎನ್ನುತ್ತೇವೆ. ಅದರಲ್ಲಿ ಸಂಶೋಧನೆ ಮಾಡಬೇಕೆಂದು ಹೋದಾಗ ನನ್ನ ಕಣ್ಣ ಮುಂದೆ ಇದ್ದದ್ದು ಕಾಡು, ನಾಟಿ ವೈದ್ಯರು ಮತ್ತು ಯಾರಿಗೂ ತಿಳಿಯದ ಮೂಲಿಕೆಗಳು. ಆದರೆ ನಮ್ಮ ಗುರುಗಳು ಮೊದಲ ಒಂದೂವರೆ ವರ್ಷ ನನ್ನನ್ನು ಹರ್ಬೇರಿಯಂ, ಅಂದರೆ ಒಣಗಿಸಿದ ಸಸ್ಯ ಮಾದರಿಗಳ ಸಂಗ್ರಹಾಲಯ, ಬಿಟ್ಟು ಕದಲಲು ಬಿಡಲಿಲ್ಲ. ಕೊಂಬೆಯನ್ನು ಹಾಳೆಗಳ ನಡುವೆ ಹರಡುವುದು, ಎಲೆಯ ಮೇಲ್ಮೈ ಮತ್ತು ಕೆಳಮೈ ಎರಡೂ ಕಾಣುವಂತೆ ಒಂದೆರಡು ಎಲೆಗಳನ್ನು ಮಗುಚಿಡುವುದು, ತೇವ ಹೀರಿದ ಕಾಗದವನ್ನು ದಿನವೂ ಬದಲಿಸುವುದು, ಹೂವು ಅಥವಾ ಕಾಯಿ ಇಲ್ಲದ ಮಾದರಿಯನ್ನು ಎಷ್ಟೇ ಚೆನ್ನಾಗಿದ್ದರೂ ಬದಿಗಿಡುವುದು, ಹೀಗೆ ಅಲ್ಲಿನ ಕೆಲಸ ಸಾಗುತ್ತಿತ್ತು. ಬೇಸರವಾಗಿದೆ ಎಂದು ಒಂದು ದಿನ ಅವರ ಬಳಿ ಹೇಳಿಕೊಂಡೆ. ಅವರು ಉತ್ತರವಾಗಿ ಬೆಲ್ಜಿಯಂನಲ್ಲಿ ಆಗಷ್ಟೇ ನಡೆದಿದ್ದ ಒಂದು ದುರಂತದ ವರದಿಯನ್ನು ನನ್ನ ಮುಂದಿಟ್ಟರು.

1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನ ಒಂದು ಚಿಕಿತ್ಸಾಲಯದಲ್ಲಿ ತೂಕ ಇಳಿಸುವ ಮಾತ್ರೆ ಸೇವಿಸಿದ ಹಲವು ಮಹಿಳೆಯರ ಮೂತ್ರಪಿಂಡಗಳು ತೀರಾ ಬೇಗ ಕೆಟ್ಟುಹೋದವು. ಆ ಮಾತ್ರೆಗೆ ಸ್ಟೆಫಾನಿಯಾ ಟೆಟ್ರಾಂಡ್ರಾ ಎಂಬ ಬಳ್ಳಿಯ ಬೇರನ್ನು ಸೇರಿಸಬೇಕಾಗಿತ್ತು. ಸೇರಿದ್ದು ಅರಿಸ್ಟೊಲೋಕಿಯಾ ಫಾಂಗ್‌ಚಿ ಎಂಬ ಬೇರೊಂದು ಸಸ್ಯದ ಬೇರು. ಎರಡರ ಚೀನೀ ಹೆಸರುಗಳಲ್ಲೂ ‘ಫಾಂಗ್‌ಜಿ’ ಎಂಬ ಪದವಿದೆ, ಒಣಗಿದ ಬೇರುಗಳ ತುಂಡುಗಳೂ ಮೇಲ್ನೋಟಕ್ಕೆ ಬೇರೆ ಬೇರೆ ಎಂದು ಗೊತ್ತಾಗುವುದಿಲ್ಲ. ಎರಡನೆಯದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುವುದಲ್ಲದೆ ಮೂತ್ರನಾಳದ ಕ್ಯಾನ್ಸರಿಗೂ ಕಾರಣವಾಗುತ್ತದೆ ಎಂಬುದು ಮುಂದೆ ಸ್ಪಷ್ಟವಾಯಿತು. 1993ರಲ್ಲಿ ಪ್ರಕಟವಾದ ಆ ವರದಿಯನ್ನು ನಾನು ಓದಿ ಮುಗಿಸುವ ತನಕ ಗುರುಗಳು ಸುಮ್ಮನೆ ಕುಳಿತಿದ್ದರು. ಅಂದಿನಿಂದ ಯಾವ ಗಿಡದ ವಿಷಯವನ್ನೇ ಆಗಲಿ, ಅದರ ಮಾದರಿ ಹಾಳೆ ಸಾಕ್ಷಿಯಾಗಿ ಇಲ್ಲದೆ ನಾನು ಬರೆದಿಲ್ಲ. ಊರಿನವರು ಹೇಳುವ ಹೆಸರು ಮುಖ್ಯವೇ. ಆದರೆ ಒಂದೇ ಹೆಸರು ಒಂದು ಕಣಿವೆ ದಾಟಿದರೆ ಬೇರೆ ಗಿಡಕ್ಕೆ ಸಲ್ಲುವುದನ್ನು ನಾನೇ ಹಲವು ಬಾರಿ ಕಂಡಿದ್ದೇನೆ.

ಇಷ್ಟು ತರಬೇತಿ ಪಡೆದು ಕಾಡಂಚಿನ ಊರೊಂದಕ್ಕೆ ಹೋದೆ. ಅಲ್ಲಿ ಗಾಯ ಮತ್ತು ಹುಣ್ಣುಗಳಿಗೆ ಔಷಧ ಕೊಡುತ್ತಿದ್ದ ವಯಸ್ಸಾದ ಒಬ್ಬ ನಾಟಿ ವೈದ್ಯೆ ಇದ್ದರು. ಅವರನ್ನು ಎಲ್ಲರಂತೆ ನಾನೂ ಅಜ್ಜಿ ಎಂದೇ ಕರೆದೆ. ನಾಲ್ಕು ದಿನ ಅವರೊಂದಿಗೆ ಕಾಡು ಸುತ್ತಿ, ಗಿಡ ತೋರಿಸಿದಾಗಲೆಲ್ಲ ಕೊಂಬೆ ಕತ್ತರಿಸಿ, ನಿಂತಲ್ಲೇ ಪ್ರಶ್ನೆ ಕೇಳಿ, ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಹೆಸರೇನು, ಯಾವ ಭಾಗ, ಯಾವ ಕಾಯಿಲೆಗೆ, ಒಳಕ್ಕೆ ಕೊಡುವುದೋ ಮೇಲಕ್ಕೆ ಹಚ್ಚುವುದೋ ಎಂದು ನನ್ನ ಪ್ರಶ್ನಾವಳಿಯಲ್ಲಿ ನಾಲ್ಕು ಪ್ರಶ್ನೆಗಳಿದ್ದವು. ಅಜ್ಜಿ ನಾಲ್ಕಕ್ಕೂ ಉತ್ತರ ಹೇಳಿದರು. 217ನೆಯ ಸಂಗ್ರಹ ಆ ನಾಲ್ಕು ದಿನಗಳಲ್ಲಿ ಬಂದದ್ದು.

ಆ ಮರದ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಸಂಶೋಧನೆಯ ಎರಡನೆಯ ಹಂತಕ್ಕಾಗಿ ನಾನು ಔಷಧಶಾಸ್ತ್ರದ ಪ್ರಯೋಗಾಲಯವೊಂದನ್ನು ಸೇರಿದೆ. ಸಸ್ಯಶಾಸ್ತ್ರದಿಂದ ಜೀವವೈದ್ಯಕೀಯ ಸಂಶೋಧನೆಗೆ ದಾಟುವವರು ಮತ್ತೆ ಒಂದನೆಯ ತರಗತಿಯಿಂದ ಕಲಿಯಬೇಕಾಗುತ್ತದೆ. ನಾನೂ ಹಾಗೆಯೇ ಕಲಿತೆ. ಕೋಶಗಳನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶೇಕಡ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಬೆಳೆಸುವುದು, ಕೈ ಅಲ್ಲಾಡದಂತೆ 96 ಗುಳಿಗಳ ತಟ್ಟೆಗೆ ಮೈಕ್ರೋಲೀಟರ್ ಲೆಕ್ಕದಲ್ಲಿ ದ್ರವ ಸುರಿಯುವುದು, ಸಾರವನ್ನು ಕರಗಿಸುವ ದ್ರಾವಕವೇ ಕೋಶವನ್ನು ಕೊಲ್ಲದಂತೆ ಅದರ ಪ್ರಮಾಣವನ್ನು ಕೆಳಗಿಡುವುದು, ಇವೆಲ್ಲ ಕೈಗೆ ಹತ್ತಲು ಆರು ತಿಂಗಳು ಹಿಡಿಯಿತು.

ಚೀಟಿಯಲ್ಲಿ ಬರೆದಿದ್ದಂತೆ ತೊಗಟೆಯನ್ನು ಪುಡಿಮಾಡಿ, ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಆ ನೀರನ್ನು ಸೋಸಿ, ಶೈತ್ಯದಲ್ಲಿ ಒಣಗಿಸಿ ಕೆಂಗಂದು ಬಣ್ಣದ ಪುಡಿಯನ್ನು ಪಡೆದೆವು. ಫಲಿತಾಂಶ ನೋಡಿ ಪ್ರಯೋಗಾಲಯಕ್ಕೆಲ್ಲ ಸಂಭ್ರಮವಾಯಿತು. ಬ್ಯಾಕ್ಟೀರಿಯಾ ಹಚ್ಚಿದ ಅಗಾರ್ ತಟ್ಟೆಯಲ್ಲಿ ಸಾರ ಹಾಕಿದ ಗುಳಿಯ ಸುತ್ತ ತಿಳಿಯಾದ ವರ್ತುಲ ಮೂಡಿತು, ಅಂದರೆ ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿರಲಿಲ್ಲ. ಗಾಯದ ಅಂಚಿನ ಕೊಲಾಜೆನ್ ಎಂಬ, ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನನ್ನು ಕರಗಿಸುವ ಕಿಣ್ವವನ್ನು ಆ ಸಾರ ತೀರಾ ಕಡಿಮೆ ಪ್ರಮಾಣದಲ್ಲೇ ತಡೆಯಿತು. ಕೈಗೆ ಬಂದ ಕಿಣ್ವಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದೆವು. ಎಲ್ಲವನ್ನೂ ಅದು ತಡೆಯಿತು. ಅಲ್ಲಿಯೇ ನನಗೆ ಅನುಮಾನ ಬರಬೇಕಾಗಿತ್ತು. ಯಾವುದೇ ಬೀಗಕ್ಕೆ ಹಾಕಿದರೂ ತಿರುಗುವ ಕೀಲಿ ಕೀಲಿಯೇ ಅಲ್ಲ ಎಂಬ ಸರಳ ವಿಚಾರ ಉತ್ಸಾಹದಲ್ಲಿ ಹೊಳೆಯಲಿಲ್ಲ. ಕ್ರಿಯಾಶೀಲ ವಸ್ತುವನ್ನು ಬೇರ್ಪಡಿಸಲು ಸಿಲಿಕಾ ತುಂಬಿದ ಗಾಜಿನ ಕೊಳವೆಯ ಮೂಲಕ ಸಾರವನ್ನು ಇಳಿಸಿದಾಗ ಕಂದು ಬಣ್ಣ ಮೇಲಿನಿಂದ ಕೆಳಗಿನವರೆಗೆ ಕಲೆಯಂತೆ ಹರಡಿಕೊಂಡಿತು. ಸಂಗ್ರಹಿಸಿದ ಪ್ರತಿ ಭಾಗದಲ್ಲೂ ಸ್ವಲ್ಪ ಸ್ವಲ್ಪ ಶಕ್ತಿ ಕಂಡರೂ ಯಾವ ಭಾಗದಲ್ಲೂ ಅದು ಒಟ್ಟುಗೂಡಲಿಲ್ಲ. ತಿಂಗಳುಗಟ್ಟಲೆ ದ್ರಾವಕ ಬದಲಿಸಿದೆ, ಕೊಳವೆಯ ಉದ್ದ ಬದಲಿಸಿದೆ, ವೇಗ ಬದಲಿಸಿದೆ.

ಒಂದು ಸಂಜೆ ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೋಶಗಳು ಬದುಕಿವೆಯೇ ಸತ್ತಿವೆಯೇ ಎಂದು ತಿಳಿಯಲು ಎಂಟಿಟಿ ಎಂಬ ಹಳದಿ ವಸ್ತುವನ್ನು ಬಳಸುತ್ತೇವೆ. 1983ರಿಂದ ರೂಢಿಯಲ್ಲಿರುವ ಈ ವಿಧಾನದಲ್ಲಿ ಜೀವಂತ ಕೋಶಗಳು ಹಳದಿಯನ್ನು ನೇರಳೆಯಾಗಿಸುತ್ತವೆ, ನೇರಳೆ ಎಷ್ಟು ಗಾಢವೋ ಬದುಕಿರುವ ಕೋಶಗಳು ಅಷ್ಟು ಹೆಚ್ಚು ಎಂದು ಲೆಕ್ಕ. ಆ ದಿನ ತಟ್ಟೆಯ ಕೊನೆಯ ಸಾಲಿನಲ್ಲಿ ಕೋಶಗಳನ್ನೇ ಹಾಕದೆ ಬರೀ ಪೋಷಕ ದ್ರವ ಮತ್ತು ನಮ್ಮ ಸಾರವನ್ನು ಬಿಟ್ಟಿದ್ದೆ. ಮೂರು ಗಂಟೆ ಕಳೆದು ತಟ್ಟೆಯನ್ನು ಹೊರತೆಗೆದಾಗ ಆ ಸಾಲು ಉಳಿದವುಗಳಿಗಿಂತ ಗಾಢ ನೇರಳೆಯಾಗಿತ್ತು. ಜೀವವೇ ಇಲ್ಲದ ಗುಳಿಗಳು ಜೀವವಿದೆ ಎಂದು ಹೇಳುತ್ತಿದ್ದವು. ಸಾರದಲ್ಲಿದ್ದ ಯಾವುದೋ ವಸ್ತು ಕೋಶದ ನೆರವಿಲ್ಲದೆ ತಾನೇ ಎಂಟಿಟಿಯನ್ನು ಅಪಕರ್ಷಿಸಿ ನೇರಳೆಯಾಗಿಸುತ್ತಿತ್ತು. ಅಲ್ಲಿಗೆ ಆರು ತಿಂಗಳ ಕೋಶ ಪ್ರಯೋಗಗಳ ಅಂಕಿಗಳೆಲ್ಲ ಅರ್ಥ ಕಳೆದುಕೊಂಡವು.

ಪ್ರಯೋಗಾಲಯದ ಮುಖ್ಯಸ್ಥರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬಳಿಕ ಒಂದು ಪ್ರನಾಳದಲ್ಲಿ ನಮ್ಮ ಸಾರವನ್ನು ತೆಗೆದುಕೊಂಡು ಅದಕ್ಕೆ ಜೆಲಾಟಿನ್ ದ್ರಾವಣದ ಹನಿಗಳನ್ನು ಬಿಟ್ಟರು. ಹನಿ ಬಿದ್ದ ಕಡೆ ಹೊಗೆಯಂತೆ ಬಿಳಿ ಮಬ್ಬು ಎದ್ದು ನಿಧಾನವಾಗಿ ತಳಕ್ಕೆ ಕೂತಿತು. ‘ಟ್ಯಾನಿನ್’ ಎಂದರು, ಅಷ್ಟೇ. ಚರ್ಮ ಹದಮಾಡಲು ಬಳಸುವ, ಬಾಯಲ್ಲಿ ಒಗರೆನಿಸುವ ಅದೇ ವಸ್ತು. ಪ್ರೋಟೀನು ಯಾವುದಾದರೂ ಸರಿ, ಟ್ಯಾನಿನ್ ಅದಕ್ಕೆ ಅಂಟಿಕೊಳ್ಳುತ್ತದೆ; ಕಿಣ್ವಗಳೆಲ್ಲ ಪ್ರೋಟೀನುಗಳೇ ಆದ್ದರಿಂದ ಎಲ್ಲ ಕಿಣ್ವಗಳೂ ಅದರ ಮುಂದೆ ನಿಂತುಹೋಗುತ್ತವೆ. ಟ್ಯಾನಿನ್ನನ್ನು ಹಿಡಿದಿಟ್ಟುಕೊಳ್ಳುವ ಪಾಲಿಅಮೈಡ್ ಮೂಲಕ ಸಾರವನ್ನು ಮರುದಿನ ಹಾಯಿಸಿದೆವು. ಹೊರಬಂದ ದ್ರವದಲ್ಲಿ ಯಾವ ಶಕ್ತಿಯೂ ಉಳಿದಿರಲಿಲ್ಲ. ಕಿಣ್ವವೂ ಅಗಾರ್ ತಟ್ಟೆಯೂ ಎರಡೂ ಸುಮ್ಮನಿದ್ದವು.

ಆಗ ಪ್ರಯೋಗಾಲಯದಲ್ಲಿದ್ದ ಹಿರಿಯ ಸಹೋದ್ಯೋಗಿಯೊಬ್ಬರು, ಜನರ ನಂಬಿಕೆ ಅಷ್ಟರಲ್ಲೇ ಇದೆ, ಬೇರೆ ಗಿಡ ಹಿಡಿಯಿರಿ ಎಂದು ಸಲಹೆ ಕೊಟ್ಟರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಒಂದು ಗಿಡವನ್ನು ತಪ್ಪಾಗಿ ಪರೀಕ್ಷಿಸಿ ಅದನ್ನು ಬಳಸುವವರದೇ ತಪ್ಪು ಎಂದು ತೀರ್ಮಾನಿಸುವುದು ನಮ್ಮ ಕ್ಷೇತ್ರದಲ್ಲಿ ಬಹಳ ಸುಲಭ. ಮಲೇರಿಯಾದ ಔಷಧವಾದ ಆರ್ಟೆಮಿಸಿನಿನ್‌ನ ಇತಿಹಾಸ ಅದಕ್ಕೆ ದೊಡ್ಡ ಎಚ್ಚರಿಕೆ. ಮಲೇರಿಯಾಕ್ಕೆ ಔಷಧ ಹುಡುಕಲು 1967ರಲ್ಲಿ ಚೀನಾ ಆರಂಭಿಸಿದ ಯೋಜನೆಯಲ್ಲಿ ತು ಯೂಯೂ ಅವರ ತಂಡ ಚಿಂಗ್‌ಹಾವ್ ಎಂಬ ಗಿಡವನ್ನು ಪರೀಕ್ಷಿಸಿದಾಗ ಫಲಿತಾಂಶ ಒಮ್ಮೆ ಬಂದರೆ ಮತ್ತೊಮ್ಮೆ ಬರುತ್ತಿರಲಿಲ್ಲ. ನಾಲ್ಕನೆಯ ಶತಮಾನದ ವೈದ್ಯ ಗೆ ಹಾಂಗ್ ಬರೆದ ಗ್ರಂಥವನ್ನು ಅವರು ಮತ್ತೆ ಓದಿದರು. ಅಲ್ಲಿ ಗಿಡವನ್ನು ಕುದಿಸಲು ಹೇಳಿರಲಿಲ್ಲ. ಒಂದು ಹಿಡಿ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಆ ರಸ ಕುಡಿಯಲು ಹೇಳಿತ್ತು. ಕಾವಿಗೆ ಔಷಧ ಕೆಡುತ್ತಿರಬಹುದೆಂದು ಊಹಿಸಿ, ಸುಮಾರು 35 ಡಿಗ್ರಿಯಲ್ಲೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ 191ನೆಯ ಮಾದರಿ ಇಲಿಗಳ ಮಲೇರಿಯಾವನ್ನು ಪೂರ್ತಿಯಾಗಿ ತಡೆಯಿತು. ಆ ಕೆಲಸಕ್ಕೆ 2015ರಲ್ಲಿ ನೊಬೆಲ್ ಬಂತು. ಗಿಡ ಮೊದಲಿನಿಂದಲೂ ಅದೇ ಆಗಿತ್ತು. ಮಾಡುವ ಕ್ರಮವನ್ನು ಓದಿಕೊಂಡದ್ದು ತಡವಾಗಿತ್ತು.

ನನ್ನ ಬಳಿ ಗ್ರಂಥವಿರಲಿಲ್ಲ, ಅಜ್ಜಿ ಇದ್ದರು. ಚೀಟಿಯ ನಕಲನ್ನು ಹಿಡಿದು ಮತ್ತೆ ಅಲ್ಲಿಗೆ ಹೋದೆ. ಈ ಬಾರಿ ಪ್ರಶ್ನಾವಳಿ ಒಯ್ಯಲಿಲ್ಲ. ಔಷಧ ಮಾಡುವಾಗ ಪಕ್ಕದಲ್ಲಿ ಕೂರಬಹುದೇ ಎಂದಷ್ಟೇ ಕೇಳಿದೆ. ಮೂರನೆಯ ದಿನ ಕಾಲಿಗೆ ಹಳೆಯ ಹುಣ್ಣಾಗಿದ್ದ ಒಬ್ಬರು ಬಂದರು. ಹಿಂದಿನ ಸಂಜೆಯೇ ಹೇಳಿಕಳುಹಿಸಿದ್ದರಿಂದ ತೊಗಟೆ ಜಜ್ಜಿ ನೆನೆಹಾಕಿ ಸಿದ್ಧವಾಗಿತ್ತು. ಬೆಳಿಗ್ಗೆ ಆ ನೀರು ರಕ್ತದಷ್ಟು ಕೆಂಪಾಗಿತ್ತು. ನನ್ನ ಪ್ರಯೋಗಾಲಯದ ಸೀಸೆಗಳಲ್ಲಿ ಹದಿನಾಲ್ಕು ತಿಂಗಳು ಕಂಡ ಬಣ್ಣವೇ ಅದು. ಅಜ್ಜಿ ಪಾತ್ರೆಯನ್ನು ಓರೆಮಾಡಿ ಆ ನೀರನ್ನೆಲ್ಲ ಮರದ ಬುಡಕ್ಕೆ ಚೆಲ್ಲಿದರು. ಬಳಿಕ ಹೊಸ ನೀರು ಚಿಮುಕಿಸಿಕೊಂಡು, ಉಳಿದ ತೊಗಟೆಯನ್ನು ಕಲ್ಲಿನ ಮೇಲೆ ಗಂಧದಂತೆ ನುಣ್ಣಗೆ ಅರೆಯತೊಡಗಿದರು.

‘ಅಜ್ಜೀ, ಆ ನೀರು ಚೆಲ್ಲಬೇಕು ಅಂತ ಹೋದ ಸಲ ನೀವು ಹೇಳಲಿಲ್ಲವಲ್ಲ’ ಎಂದೆ.

‘ನೀನು ಯಾವುದಕ್ಕೆ ಹಚ್ಚುತ್ತೀರಿ ಅಂತ ಕೇಳಿದೆ, ಹೇಳಿದೆ ಮಗಾ. ಹೇಗೆ ಮಾಡುತ್ತೀರಿ ಅಂದಿದ್ದರೆ ಹೀಗೇ ಕೂರಿಸಿಕೊಂಡು ತೋರಿಸುತ್ತಿದ್ದೆ’ ಎಂದರು. ಅರೆಯುವ ಕೈ ನಿಲ್ಲಲಿಲ್ಲ. ‘ಮೊದಲ ನೀರು ಬರೀ ಒಗರು. ಅದು ಹುಣ್ಣಿನ ಬಾಯಿ ಬಿಗಿಯುತ್ತದೆ. ಬಾಯಿ ಬಿಗಿದರೆ ಒಳಗಿನದು ಒಳಗೇ ಉಳಿಯುತ್ತದೆ.’

ನಂತರ ಅವರು ಹುಣ್ಣನ್ನು ಬಿಸಿನೀರಿನಲ್ಲಿ ತೊಳೆದು, ಕೀವನ್ನೆಲ್ಲ ಒತ್ತಿ ತೆಗೆದು, ಒಣಗಿಸಿ, ಆಮೇಲೆ ಲೇಪ ಹಚ್ಚಿದರು. ಕೀವಿಗೆ ಈ ಔಷಧವಲ್ಲವೇ ಎಂದು ಕೇಳಿದಾಗ, ಕೀವು ತೆಗೆಯುವುದು ತಮ್ಮ ಕೈಯ ಕೆಲಸವೆಂದೂ ಗಾಯ ಮಾಯಿಸುವುದು ಮರದ ಕೆಲಸವೆಂದೂ ಹೇಳಿದರು. ನನ್ನ ಚೀಟಿಯಲ್ಲಿ ‘ಕೀವು ತುಂಬಿದ ಹುಣ್ಣಿಗೆ’ ಎಂದಿದ್ದರಿಂದಲೇ ನಾವು ಬ್ಯಾಕ್ಟೀರಿಯಾ ಕೊಲ್ಲುವ ಗುಣವನ್ನು ಹುಡುಕಿದ್ದೆವು. ಹುಡುಕಬೇಕಾಗಿದ್ದದ್ದು ಗಾಯ ಮಾಯುವ ಕ್ರಿಯೆಯನ್ನು. ಸಾರವೂ ತಪ್ಪು, ಪ್ರಶ್ನೆಯೂ ತಪ್ಪು. ಎರಡೂ ಆ ಒಂದು ಸಾಲಿನಿಂದ ಹೊರಟಿದ್ದವು. ಪ್ರಯೋಗಾಲಯದಲ್ಲಿ ಎಷ್ಟು ಬೆಲೆಬಾಳುವ ಯಂತ್ರವಿದ್ದರೂ ಈ ತಪ್ಪನ್ನು ಅದು ತೋರಿಸಿಕೊಡುತ್ತಿರಲಿಲ್ಲ, ಏಕೆಂದರೆ ಯಂತ್ರ ನೋಡುವುದು ನಾವು ಅದರೊಳಗೆ ಇಟ್ಟದ್ದನ್ನು ಮಾತ್ರ.

ಎರಡನೆಯ ಸುತ್ತಿನ ಕೆಲಸ ಮೊದಲಿನದಕ್ಕಿಂತ ಚಿಕ್ಕದಾಯಿತು. ನೀರಿನಲ್ಲಿ ಕರಗದೆ ಉಳಿದ ತೊಗಟೆಯಿಂದ ಹೆಕ್ಸೇನ್ ಮತ್ತು ಈಥೈಲ್ ಅಸಿಟೇಟ್ ದ್ರಾವಕಗಳಲ್ಲಿ ಸಾರ ತೆಗೆದೆವು. ಸಿಲಿಕಾ ಲೇಪಿಸಿದ ಪಟ್ಟಿಯ ಮೇಲೆ ಸಾರದ ಚುಕ್ಕೆ ಇಟ್ಟು, ದ್ರಾವಕ ಮೇಲೇರಿದ ಮೇಲೆ ಅನಿಸಾಲ್ಡಿಹೈಡ್ ಸಿಂಪಡಿಸಿ ಬಿಸಿ ಮಾಡಿದಾಗ ನೇರಳೆ ಕಲೆಗಳು ಒಂದರ ಕೆಳಗೊಂದು ಮೂಡಿದವು. ಸಸ್ಯಗಳ ತೊಗಟೆ, ಮೇಣಗಳಲ್ಲಿ ಸಿಗುವ ಟ್ರೈಟರ್ಪೀನ್ ಎಂಬ ಗುಂಪಿನ ವಸ್ತುಗಳಿದ್ದರೆ ಹೀಗೆ ಕಾಣುತ್ತದೆ. ಗಾಯ ಮಾಯುವುದನ್ನು ಅಳೆಯಲು ತಟ್ಟೆಯ ತಳದಲ್ಲಿ ಚರ್ಮದ ಕೋಶಗಳನ್ನು ಒತ್ತಾಗಿ ಬೆಳೆಸಿ, ಪಿಪೆಟ್ಟಿನ ಮೊನೆಯಿಂದ ನಡುವೆ ಒಂದು ಗೀರು ಎಳೆದು, ಎರಡು ದಡಗಳಿಂದ ಕೋಶಗಳು ತೆವಳಿಕೊಂಡು ಬಂದು ಆ ಗೀರನ್ನು ಎಷ್ಟು ಹೊತ್ತಿನಲ್ಲಿ ಮುಚ್ಚುತ್ತವೆ ಎಂದು ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಯುತ್ತಾ ನೋಡಿದೆವು. ಸಾರ ಹಾಕಿದ ತಟ್ಟೆಯಲ್ಲಿ 24 ಗಂಟೆಗಳ ನಂತರ ದಡಗಳು ಹೆಚ್ಚು ಹತ್ತಿರ ಬಂದಿದ್ದವು. ಮೂರು ಬಾರಿ ಮಾಡಿದರೂ ಹಾಗೆಯೇ ಆಯಿತು. ತಟ್ಟೆಗಳಿಗೆ ಸಂಕೇತ ಸಂಖ್ಯೆ ಕೊಟ್ಟು, ಯಾವುದರಲ್ಲಿ ಸಾರವಿದೆ ಎಂದು ತಿಳಿಯದ ಬೇರೊಬ್ಬರಿಂದ ಅಳೆಸಿದರೂ ಅದೇ ಬಂತು. ಬ್ಯಾಕ್ಟೀರಿಯಾವನ್ನು ಮಾತ್ರ ಅದು ಕೊಲ್ಲಲಿಲ್ಲ. ಕೊಲ್ಲುತ್ತದೆ ಎಂದು ಅಜ್ಜಿ ಹೇಳಿರಲೂ ಇಲ್ಲ.

ಶುದ್ಧಗೊಳಿಸಿದ ವಸ್ತುವಿನ ರಚನೆಯನ್ನು ಎನ್‌ಎಂಆರ್ ಎಂಬ, ಅಣುಗಳ ರಚನೆ ತಿಳಿಯುವ ವಿಧಾನದ ಮೂಲಕ ಬಿಡಿಸಿದಾಗ ಅದು ಬೆಟುಲಿನ್ ಎಂಬ ಟ್ರೈಟರ್ಪೀನ್ ಎಂದು ತಿಳಿಯಿತು. 1788ರಲ್ಲೇ ಬರ್ಚ್ ಮರದ ತೊಗಟೆಯಿಂದ ಪಡೆದಿದ್ದ ವಸ್ತು ಅದು, ಹೊಸದಲ್ಲ. ನೈಸರ್ಗಿಕ ರಾಸಾಯನಿಕಗಳಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಈ ಗಳಿಗೆ ಬರುತ್ತದೆ, ಬಹುತೇಕ ಬಾರಿ ಹೀಗೆಯೇ ಬರುತ್ತದೆ. ಹೊಸ ಅಣು ಸಿಗಲಿಲ್ಲವೆಂದು ಆಗ ನನಗೆ ಬೇಸರವಾದದ್ದು ನಿಜ. ಇಂದು ಆ ಬೇಸರ ಇಲ್ಲ. ಬರ್ಚ್ ತೊಗಟೆಯ ಟ್ರೈಟರ್ಪೀನ್‌ಗಳ ಮುಲಾಮನ್ನು ಎಪಿಡರ್ಮೊಲಿಸಿಸ್ ಬುಲ್ಲೋಸಾ ಎಂಬ, ಮುಟ್ಟಿದರೆ ಚರ್ಮ ಕಿತ್ತುಬರುವ ಅನುವಂಶೀಯ ಕಾಯಿಲೆಯ ಗಾಯಗಳಿಗೆ ಬಳಸಲು 2022ರಲ್ಲಿ ಯುರೋಪಿನಲ್ಲೂ 2023ರಲ್ಲಿ ಅಮೆರಿಕದಲ್ಲೂ ಅನುಮತಿ ದೊರೆಯಿತು. ಆ ಸುದ್ದಿ ಓದಿದ ದಿನ ಅಜ್ಜಿಯ ಅರೆಯುವ ಕಲ್ಲು ನೆನಪಾಯಿತು. ಆ ಔಷಧದಲ್ಲಿ ನನ್ನ ಪಾಲೂ ಅಜ್ಜಿಯ ಪಾಲೂ ಏನಿಲ್ಲ. ಆದರೂ ಬೇರೆ ಕಾಡಿನ ಬೇರೆ ಮರದ ತೊಗಟೆ ಅದೇ ಕೆಲಸಕ್ಕೆ ಒದಗಿದ್ದನ್ನು ನೋಡಿ ಸಮಾಧಾನವಾಯಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. ಜನರು ಬಳಸುವ ಕಾಯಿಲೆಗೇ ಪ್ರಯೋಗಾಲಯದಲ್ಲೂ ಗುಣ ಕಂಡೇ ಕಾಣುತ್ತದೆ ಎಂದು ನಾನು ಹೇಳುವುದಿಲ್ಲ. ನಿತ್ಯಪುಷ್ಪವನ್ನು ಮಧುಮೇಹಕ್ಕೆ ಬಳಸುತ್ತಾರೆಂದು ಕೇಳಿ ಕೆನಡಾದಲ್ಲಿ ಪರೀಕ್ಷಿಸಿದವರಿಗೆ ಸಕ್ಕರೆಯ ಪ್ರಮಾಣದಲ್ಲಿ ಇಳಿಕೆ ಕಾಣಲಿಲ್ಲ, ಬಿಳಿ ರಕ್ತಕಣಗಳು ಕುಸಿದದ್ದು ಕಂಡಿತು. 1958ರಲ್ಲಿ ಪ್ರಕಟವಾದ ವಿನ್‌ಬ್ಲಾಸ್ಟಿನ್ ಹೀಗೆ ಹೊರಬಂದು ಕ್ಯಾನ್ಸರಿನ ಔಷಧವಾಯಿತು. ಇನ್ನೊಂದು ಕಡೆ, ಸಾರವನ್ನು ಕೋಶಗಳ ಮೇಲೆ ಎಗ್ಗಿಲ್ಲದೆ ಸುರಿದು, ಕೋಶ ಸತ್ತಿತೆಂದು ಕ್ಯಾನ್ಸರಿಗೆ ಮದ್ದು ಸಿಕ್ಕಿತೆಂದು ಬರೆಯುವ ಪ್ರಬಂಧಗಳು ನನ್ನ ಮೇಜಿಗೆ ವಿಮರ್ಶೆಗಾಗಿ ಈಗಲೂ ಬರುತ್ತವೆ. ಅವನ್ನು ಹಿಂದಿರುಗಿಸುವಾಗ ನನಗೆ ನೋವಾಗುತ್ತದೆ, ಏಕೆಂದರೆ ಅವುಗಳ ಹಿಂದೆಯೂ ಒಬ್ಬ ಅಜ್ಜಿಯೋ ಅಜ್ಜನೋ ಕೊಟ್ಟ ತಿಳಿವಳಿಕೆ ಇರುತ್ತದೆ. ಅದನ್ನು ಹೀಗೆ ಪೋಲು ಮಾಡಬಾರದು. ಎಷ್ಟು ಜನ ಒಂದೇ ಬಳಕೆಯನ್ನು ಹೇಳಿದರೆಂದು ಲೆಕ್ಕಹಾಕುವ ಸೂತ್ರ 1986ರಿಂದ ನಮ್ಮಲ್ಲಿ ಬಳಕೆಯಲ್ಲಿದೆ, ನಾನೂ ಬಳಸುತ್ತೇನೆ. ಆದರೆ ನೂರು ಜನ ಹೇಳಿದ ಬಳಕೆಯ ಹೆಸರಿಗಿಂತ ಒಬ್ಬರು ಮಾಡಿ ತೋರಿಸಿದ ಕ್ರಮ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ಮರದ ಹೆಸರಿನ ವಿಷಯ. ನಾನು ಮೊದಲ ಬಾರಿ ಹೋದಾಗ ಅಜ್ಜಿಯಿಂದ ಯಾವ ಲಿಖಿತ ಒಪ್ಪಿಗೆಯನ್ನೂ ಪಡೆದಿರಲಿಲ್ಲ. ಕೇಳಿದೆ, ಅವರು ಹೇಳಿದರು, ಬರೆದುಕೊಂಡು ಬಂದೆ. ಅಂದು ಬಹುಪಾಲು ಸಂಶೋಧಕರು ಹೀಗೆಯೇ ಮಾಡುತ್ತಿದ್ದರು ಎಂಬುದು ಸಮರ್ಥನೆಯಾಗಲಾರದು, ಏಕೆಂದರೆ 1992ರ ಜೀವವೈವಿಧ್ಯ ಒಪ್ಪಂದ ಆಗಲೇ ಇತ್ತು, ತಿಳಿವಳಿಕೆ ಕೊಟ್ಟ ಸಮುದಾಯಕ್ಕೆ ಲಾಭದಲ್ಲಿ ಪಾಲು ಸಲ್ಲಬೇಕೆಂಬ ಮಾತು ಅದರಲ್ಲಿತ್ತು. ಕೇರಳದ ಅಗಸ್ತ್ಯಮಲೆಯ ಕಾಣಿ ಎಂಬ ಬುಡಕಟ್ಟಿನ ಜನರು 1987ರಲ್ಲಿ ಸಂಶೋಧಕರಿಗೆ ತೋರಿಸಿಕೊಟ್ಟ ಆರೋಗ್ಯಪಚ್ಚೆ ಎಂಬ ಗಿಡದಿಂದ ‘ಜೀವನಿ’ ಎಂಬ ಔಷಧ ತಯಾರಾದಾಗ ಬಂದ ಹಣದ ಪಾಲಿಗಾಗಿ ಅವರದೇ ಒಂದು ಟ್ರಸ್ಟ್ ಹುಟ್ಟಿದ ಉದಾಹರಣೆಯೂ ಕಣ್ಣೆದುರಿಗಿತ್ತು. 1995ರಲ್ಲಿ ಅರಿಶಿನ ಗಾಯ ಮಾಯಿಸುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟು, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು (ಸಿಎಸ್‌ಐಆರ್) ಹಳೆಯ ಗ್ರಂಥಗಳ ಸಾಕ್ಷಿ ಹಾಜರುಪಡಿಸಿದ ಮೇಲೆ 1997ರಲ್ಲಿ ಅದನ್ನು ರದ್ದುಮಾಡಿದ್ದು ಎಲ್ಲರಿಗೂ ಗೊತ್ತಿತ್ತು. ಪುಸ್ತಕದಲ್ಲಿ ಬರೆದಿಟ್ಟ ತಿಳಿವಳಿಕೆಗೆ ಆ ರಕ್ಷಣೆ ಸಿಕ್ಕಿತು. ಬರೆಯದ ತಿಳಿವಳಿಕೆಗೆ ಸಾಕ್ಷಿ ಎಲ್ಲಿಂದ ತರುವುದು ಎಂಬ ಪ್ರಶ್ನೆ ಉಳಿಯಿತು. ಪೂರ್ವಾನುಮತಿ ಮತ್ತು ಲಾಭ ಹಂಚಿಕೆಯನ್ನು ವಿವರವಾಗಿ ಕಟ್ಟುಪಾಡಿಗೆ ತಂದ ನಗೋಯಾ ಒಪ್ಪಂದ 2010ರಲ್ಲಿ ಅಂಗೀಕಾರವಾಗಿ 2014ರಲ್ಲಿ ಜಾರಿಗೆ ಬಂತು. ನಾನು ಅದಕ್ಕೆ ಕಾಯದೆ, ಎರಡನೆಯ ಭೇಟಿಯಲ್ಲೇ ಊರಿನವರನ್ನೆಲ್ಲ ಕೂರಿಸಿಕೊಂಡು, ಏನು ಮಾಡುತ್ತಿದ್ದೇನೆ, ಏನು ಬರಬಹುದು, ಏನೂ ಬರದೆಯೂ ಇರಬಹುದು ಎಂದು ಬಿಡಿಸಿ ಹೇಳಿದೆ.

ಅಜ್ಜಿ ಹಣದ ಮಾತೆತ್ತಲಿಲ್ಲ. ಹೆಸರು ಹೊರಗೆ ಹೋದರೆ ಜನ ಮರ ಸುಲಿಯುತ್ತಾರೆ, ಅದು ಆಗಕೂಡದು ಎಂದರು. ಅವರ ಆತಂಕ ಬರೀ ಊಹೆಯಲ್ಲ. ತೊಗಟೆಯನ್ನು ಕಾಂಡದ ಸುತ್ತಲೂ ಬಳೆಯಂತೆ ಕಿತ್ತರೆ ಎಲೆಗಳಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿಯೇ ಕಡಿದುಹೋಗಿ ಮರ ಸಾಯುತ್ತದೆ. ಆಫ್ರಿಕಾದ ಪ್ರೂನಸ್ ಆಫ್ರಿಕಾನಾ ಮರದ ತೊಗಟೆಗೆ ಪ್ರಾಸ್ಟೇಟ್ ತೊಂದರೆಯ ಔಷಧವೆಂದು ಬೇಡಿಕೆ ಬಂದು, ಸುಲಿತ ಮಿತಿಮೀರಿ, 1995ರಲ್ಲಿ ಅದನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಯಿತು. ಕೊನೆಗೆ ನಮ್ಮ ನಡುವೆ ಒಂದು ಒಪ್ಪಂದವಾಯಿತು. ವಿಜ್ಞಾನ ಪತ್ರಿಕೆಗೆ ಜಾತಿಯ ಹೆಸರು ಇಲ್ಲದೆ ಆಗುವುದಿಲ್ಲವಾದ್ದರಿಂದ ಅಲ್ಲಿ ಬರೆಯಬಹುದು, ಸ್ಥಳವನ್ನು ಮಾತ್ರ ಮುಚ್ಚಿಡಬೇಕು. ಸಾಮಾನ್ಯ ಓದುಗರಿಗಾಗಿ ಬರೆಯುವಲ್ಲಿ ಮರದ ಹೆಸರು ಬರಕೂಡದು. ಮೂಲಿಕೆಗಳ ವಿವರವನ್ನು ಅವರ ಮಾತಿನಲ್ಲೇ ಪುಸ್ತಕ ಮಾಡಿ ಒಂದು ಪ್ರತಿಯನ್ನು ಊರಿನಲ್ಲಿ ಇಡಬೇಕು. ಅಜ್ಜಿ ಕಾಂಡವನ್ನು ಮುಟ್ಟದೆ ಬಲಿತ ಕೊಂಬೆಯ ಒಂದೇ ಮಗ್ಗುಲಿನಿಂದ ಅಂಗೈಯಗಲ ತೊಗಟೆ ತೆಗೆಯುತ್ತಿದ್ದರು. ಗುರುತು ಹಾಕಿದ ಮರಗಳಲ್ಲಿ ಆ ಗಾಯಗಳು ಎಷ್ಟು ವರ್ಷಕ್ಕೆ ಕೂಡಿಕೊಳ್ಳುತ್ತವೆ ಎಂದು ಅಂದಿನಿಂದ ಪ್ರತಿ ವರ್ಷ ಅಳೆಯುತ್ತಿದ್ದೇವೆ. ನನ್ನ ಕೆಲಸದಲ್ಲಿ ಆ ಊರಿಗೆ ನೇರವಾಗಿ ಉಪಯೋಗಕ್ಕೆ ಬಂದದ್ದು ಬಹುಶಃ ಇದೊಂದೇ.

ನಮ್ಮ ಪ್ರಬಂಧ ಪ್ರಕಟವಾಗುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಪ್ರತಿಯನ್ನು ಅವರ ಮೊಮ್ಮಗಳ ಕೈಗೆ ಕೊಟ್ಟೆ. ಆಕೆ ಈಗ ಅದೇ ಕಲ್ಲಿನ ಮೇಲೆ ಅರೆಯುತ್ತಾರೆ.

ಹಿಂದಿರುಗಿದ ವಾರ ಹರ್ಬೇರಿಯಂಗೆ ಹೋಗಿ 217ನೆಯ ಹಾಳೆಯನ್ನು ತೆಗೆಸಿದೆ. ಹರ್ಬೇರಿಯಂನಲ್ಲಿ ಹಳೆಯ ಚೀಟಿಯನ್ನು ಅಳಿಸುವಂತಿಲ್ಲ, ಕೀಳುವಂತಿಲ್ಲ. ತಪ್ಪಿದ್ದರೆ ಅದರ ಮೇಲ್ಭಾಗದಲ್ಲಿ ತಿದ್ದುಪಡಿಯ ಚೀಟಿ ಅಂಟಿಸಿ ಸಹಿ ಮತ್ತು ದಿನಾಂಕ ಹಾಕಬೇಕು. ತೊಳೆದು ಕೀವು ತೆಗೆದ ಹುಣ್ಣಿಗೆ, ತೊಗಟೆಯನ್ನು ಜಜ್ಜಿ ನೆನೆಹಾಕಿ, ಮೊದಲ ನೀರು ಚೆಲ್ಲಿ, ಅರೆದು ಹಚ್ಚುತ್ತಾರೆ ಎಂದು ಬರೆದೆ. ತಿಳಿಸಿಕೊಟ್ಟವರ ಸಾಲಿನಲ್ಲಿ, ಅವರು ಬದುಕಿದ್ದಾಗಲೇ ಕೊಟ್ಟಿದ್ದ ಅನುಮತಿಯಂತೆ, ಅಜ್ಜಿಯ ಪೂರ್ಣ ಹೆಸರನ್ನು ಬರೆದೆ. ಬಳಿಕ ಆ ಮೊದಲ ನಾಲ್ಕು ವರ್ಷಗಳ ನನ್ನ ಉಳಿದ ಹಾಳೆಗಳನ್ನೂ ಒಂದೊಂದಾಗಿ ತೆಗೆಸಿ ನೋಡಿದೆ. 143 ಚೀಟಿಗಳಲ್ಲಿ ಬಳಕೆ ಇತ್ತು, ಮಾಡುವ ಕ್ರಮ ಇರಲಿಲ್ಲ. ಅಂದಿನಿಂದ ವಿದ್ಯಾರ್ಥಿಗಳನ್ನು ಕರೆದುಕೊಂಡು ಮತ್ತೆ ಆ ಊರುಗಳಿಗೆ ಹೋಗುತ್ತಿದ್ದೇನೆ, ಪಕ್ಕದಲ್ಲಿ ಕೂತು ನೋಡುತ್ತಿದ್ದೇವೆ, ಹೊಸ ಚೀಟಿ ಬರೆಯುತ್ತಿದ್ದೇವೆ. ಈವರೆಗೆ 82 ಹಾಳೆಗಳು ಮುಗಿದಿವೆ. ಉಳಿದ 61ಕ್ಕೆ ತಿಳಿವಳಿಕೆ ಕೊಟ್ಟವರಲ್ಲಿ ಇಂದು ಯಾರೂ ಇಲ್ಲ, ಅವರಿಂದ ಕಲಿತವರೂ ಸಿಕ್ಕಿಲ್ಲ. ಆ ಹಾಳೆಗಳ ಮೇಲ್ಭಾಗವನ್ನು ಖಾಲಿ ಬಿಟ್ಟಿದ್ದೇನೆ.